ಸರ್ವರ್ ಸತ್ತಿಲ್ಲ ಸ್ವಾಮಿ, ನಿಮ್ಮ ಆಫೀಸಿನ ಸೆಟ್ಟಿಂಗ್ ತಪ್ಪಿದೆ

“ಸರ್ವರ್ ಇಲ್ಲ, ನಾಳೆ ಬನ್ನಿ.”

ಈ ಮಾತು ಕೇಳದವರು ನಮ್ಮ ಹಳ್ಳಿಗಳಲ್ಲಿ ಯಾರಾದರೂ ಇದ್ದಾರಾ? ರೇಷನ್ ಅಂಗಡಿ, ನಾಡಕಚೇರಿ, ಪಂಚಾಯಿತಿ, ಸೊಸೈಟಿ, ಬ್ಯಾಂಕು, ಎಲ್ಲಿ ಹೋದರೂ ಇದೇ ಮಾತು. ಹಿಂದೆ “ಸಾಹೇಬ್ರು ಮೀಟಿಂಗ್‌ಗೆ ಹೋಗಿದಾರೆ” ಅನ್ನುತ್ತಿದ್ದರು. ಸಾಹೇಬರಿಗಾದರೂ ಒಂದು ಮುಖ ಇತ್ತು, ಹೆಸರು ಇತ್ತು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ನಿಲ್ಲಿಸಿ ಕೇಳಬಹುದಿತ್ತು. ಈ ಸರ್ವರ್ ಎಲ್ಲಿದೆ, ಯಾರ ಕೈಯಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಹಾಗಾಗಿ ಅದರ ಮೇಲೆ ಏನು ಹೊರಿಸಿದರೂ ನಡೆಯುತ್ತದೆ.

ನಾನು ಹೇಳುವುದು ಇಷ್ಟು. “ಸರ್ವರ್ ಇಲ್ಲ” ಅನ್ನುವ ಎಷ್ಟೋ ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ. ತಪ್ಪು ಇರುವುದು ಕೌಂಟರಿನ ಆಚೆ ಇಟ್ಟಿರುವ ಅದೇ ಕಂಪ್ಯೂಟರಿನಲ್ಲಿ, ಅಥವಾ ಗೋಡೆಗೆ ಹೊಡೆದಿರುವ ಅದೇ ವೈಫೈ ಬಾಕ್ಸಿನಲ್ಲಿ. ಅದನ್ನು ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷ ಯಾರೂ ಕೊಡದೇ ಇರುವುದರಿಂದ ನಮ್ಮ ಜನ ಕೂಲಿ ಕಳೆದುಕೊಳ್ಳುತ್ತಿದ್ದಾರೆ, ಬಸ್ ಚಾರ್ಜು ಕಳೆದುಕೊಳ್ಳುತ್ತಿದ್ದಾರೆ, ಕೆಲವೊಮ್ಮೆ ಅದಕ್ಕಿಂತ ದೊಡ್ಡದನ್ನೂ ಕಳೆದುಕೊಳ್ಳುತ್ತಿದ್ದಾರೆ.

ಮೂರು ದಿನದ ಕಥೆ

ಮುಂಗಾರಿನ ಬೆಳೆ ವಿಮೆ ಕಟ್ಟಲು ಮೂರೇ ದಿನ ಉಳಿದಿತ್ತು. ನಮ್ಮಪ್ಪ ಶೇಂಗಾ ಹಾಕಿದ್ದರು. ಹತ್ತಿರದ ಒಂದು ಸೊಸೈಟಿಗೆ ಹೋದರು. “ಸರ್ವರ್ ಇಲ್ಲ ಯಜಮಾನ್ರೇ, ನಾಳೆ ಬನ್ನಿ” ಅಂದರು. ಬಂದರು. ಮಾರನೇ ದಿನ ಹೋದರು. ಅದೇ ಮಾತು. ಮೂರನೇ ದಿನ ನಾನೂ ಜೊತೆಗೆ ಹೋದೆ.

ಹೊರಗೆ ಇಪ್ಪತ್ತು ಇಪ್ಪತ್ತೈದು ಜನ ಕೂತಿದ್ದರು. ಒಳಗೆ ಆಪರೇಟರ್ ಹುಡುಗ ಒಂದೇ ಪುಟವನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ಪರದೆ ಮೇಲೆ ಸೈಟ್ ತಲುಪಲು ಆಗುತ್ತಿಲ್ಲ ಅನ್ನುವ ಸಂದೇಶ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಡಿಎನ್‌ಎಸ್’ ಅಂತ ಶುರುವಾಗುವ ಒಂದು ಸಾಲು. ಆ ಸಣ್ಣ ಸಾಲನ್ನು ಮೂರು ದಿನದಲ್ಲಿ ಯಾರೂ ಓದಿರಲಿಲ್ಲ.

ನಾನು ನನ್ನ ಫೋನಿನಲ್ಲಿ, ನನ್ನ ಸ್ವಂತ ಡೇಟಾದಲ್ಲಿ, ಅದೇ ವಿಮೆ ಪೋರ್ಟಲ್ ತೆಗೆದೆ. ಎರಡು ಸೆಕೆಂಡಿಗೆ ಬಂತು.

“ತಮ್ಮಾ, ಸರ್ವರ್ ಇದೆಯಲ್ಲ?” ಅಂದೆ.

“ಅಕ್ಕಾ, ನೆಟ್‌ನವ್ರನ್ನ ನಿನ್ನೆ ಕರೆಸಿದ್ವಿ. ಅವ್ರು ಬಂದು ಲೈನ್ ಸರಿ ಇದೆ ಅಂದ್ರು. ನೆಟ್ ಸರಿ ಇದ್ಮೇಲೆ ಸರ್ವರ್‌ದೇ ಪ್ರಾಬ್ಲಮ್ ಅಲ್ವಾ?”

ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ನೆಟ್‌ನವನು ಬಂದು ತನ್ನ ಫೋನನ್ನು ಆಫೀಸಿನ ವೈಫೈಗೆ ಹಾಕಿ ನೋಡಿದ್ದ. ಚೆನ್ನಾಗಿ ನಡೆಯಿತು. “ನಮ್ಮ ಕಡೆಯಿಂದ ಎಲ್ಲಾ ಓಕೆ” ಅಂತ ಹೇಳಿ ಹೋದ. ಅವನದೂ ಸುಳ್ಳಲ್ಲ. ಲೈನ್ ಸರಿ, ಸರ್ವರ್ ಸರಿ, ಕೆಲಸ ಮಾತ್ರ ಇಲ್ಲ. ನಡುವೆ ಏನೋ ಒಂದು ಕೆಟ್ಟಿದೆ ಅಂತ ಯೋಚಿಸುವುದು ಯಾರ ಕೆಲಸ? ಯಾರದ್ದೂ ಅಲ್ಲ. ಅದೇ ನನ್ನ ತಕರಾರು.

ಸೆಕ್ರೆಟರಿಯವರ ಒಪ್ಪಿಗೆ ಕೇಳಿ, ಆಪರೇಟರ್ ಪಕ್ಕ ಕೂತು ನೋಡಿದೆವು. ಸಿಕ್ಕಿದ್ದು ಇದು. ಮಳೆಗಾಲದ ಶುರುವಿನಲ್ಲಿ ಸಿಡಿಲು ಹೊಡೆದು ಹಳೇ ರೂಟರ್ ಸುಟ್ಟಿತ್ತು. ಹೊಸದು ಹಾಕಿದ್ದರು. ಹಳೇ ರೂಟರಿನ ವಿಳಾಸ 192.168.1.1. ಹೊಸದರ ವಿಳಾಸ 192.168.0.1. ಉಳಿದ ಕಂಪ್ಯೂಟರುಗಳು ಹೊಸ ರೂಟರಿನಿಂದ ತಾವೇ ವಿಳಾಸ ಪಡೆದುಕೊಂಡವು. ಕೌಂಟರಿನ ಈ ಒಂದು ಕಂಪ್ಯೂಟರಿನಲ್ಲಿ ಮಾತ್ರ, ಯಾವತ್ತೋ ಯಾರೋ ರಿಪೇರಿಗೆ ಬಂದವರು ಡಿಎನ್‌ಎಸ್ ಜಾಗದಲ್ಲಿ ಹಳೇ ರೂಟರಿನ ಅಂಕಿಯನ್ನು ಕೈಯಾರೆ ಟೈಪ್ ಮಾಡಿಟ್ಟು ಹೋಗಿದ್ದರು. ರೂಟರ್ ಸುಟ್ಟು ಗುಜರಿಗೆ ಹೋಗಿತ್ತು. ಕಂಪ್ಯೂಟರ್ ಮಾತ್ರ ಇನ್ನೂ ಅದನ್ನೇ ದಾರಿ ಕೇಳುತ್ತಿತ್ತು.

‘ಡಿಎನ್‌ಎಸ್ ವಿಳಾಸ ತಾನಾಗಿ ಪಡೆ’ ಅನ್ನುವ ಗುಂಡಿಗೆ ಒಂದು ಚುಕ್ಕೆ ಬದಲಾಯಿಸಿದೆವು. ಪೋರ್ಟಲ್ ತೆರೆಯಿತು. ಎರಡು ನಿಮಿಷದ ಕೆಲಸ.

ಮೂರು ದಿನ, ಇಪ್ಪತ್ತೈದು ಜನ. ಇದರಲ್ಲಿ ನಮ್ಮ ಬೀದಿಯ ಇಬ್ಬರು ಮೊದಲನೇ ದಿನ ಬಂದು ವಾಪಸ್ ಹೋದವರು ಮತ್ತೆ ಬರಲೇ ಇಲ್ಲ. ಒಬ್ಬರಿಗೆ ಕೂಲಿ ಬಿಡಲು ಆಗಲಿಲ್ಲ, ಇನ್ನೊಬ್ಬರಿಗೆ ಕಾಲುನೋವು. ಕೊನೆಯ ದಿನ ದಾಟಿತು. ಅವರ ಹೊಲಕ್ಕೆ ಆ ವರ್ಷ ವಿಮೆ ಇಲ್ಲ.

ಈ ಡಿಎನ್‌ಎಸ್ ಅಂದರೇನು?

ಹೊಸಬರೊಬ್ಬರು ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು “ಕನ್ನಡ ಮೇಷ್ಟ್ರ ಮನೆ ಎಲ್ಲಿ?” ಅಂತ ಕೇಳುತ್ತಾರೆ. ಚಹಾ ಅಂಗಡಿಯವರು “ಮಾರಮ್ಮನ ಗುಡಿ ಹಿಂದೆ, ಮೂರನೇ ಮನೆ” ಅನ್ನುತ್ತಾರೆ. ಹೆಸರು ಕೊಟ್ಟರೆ ಜಾಗ ಹೇಳುವುದು ಅವರ ಉಪಕಾರ. ಡಿಎನ್‌ಎಸ್ ಮಾಡುವುದೂ ಅಷ್ಟೇ. ನಾವು ಸೈಟಿನ ಹೆಸರು ಒತ್ತುತ್ತೇವೆ. ಕಂಪ್ಯೂಟರುಗಳಿಗೆ ಹೆಸರಿನಿಂದ ದಾರಿ ಗೊತ್ತಾಗುವುದಿಲ್ಲ, ಅಂಕಿ ಬೇಕು. ಹೆಸರು ಕೊಟ್ಟು ಅಂಕಿ ಪಡೆಯುವ ಜಾಗವೇ ಡಿಎನ್‌ಎಸ್ ಸರ್ವರ್.

ಚಹಾ ಅಂಗಡಿ ಮುಚ್ಚಿದ್ದರೆ ಮೇಷ್ಟ್ರು ಸತ್ತರು ಅಂತ ಅರ್ಥವಾ? ಅವರು ಮನೆಯಲ್ಲೇ ಪೇಪರ್ ಓದುತ್ತಾ ಕೂತಿರುತ್ತಾರೆ. ಆದರೆ ನಮ್ಮ ಆಫೀಸುಗಳಲ್ಲಿ ಚಹಾ ಅಂಗಡಿ ಮುಚ್ಚಿದ ಕೂಡಲೇ “ಮೇಷ್ಟ್ರು ಇಲ್ಲ” ಅಂತ ಬೋರ್ಡ್ ಹಾಕುತ್ತಾರೆ.

ಇದು ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. ಮೊದಲು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಒಂದು ಪಟ್ಟಿ ಇಟ್ಟಿದ್ದರು. ಜಾಲದಲ್ಲಿದ್ದ ಎಲ್ಲ ಕಂಪ್ಯೂಟರುಗಳೂ ಅದನ್ನೇ ನಕಲು ಮಾಡಿಕೊಳ್ಳಬೇಕಿತ್ತು. ಜಾಲ ಬೆಳೆದಂತೆ ಅದು ಸಾಲದಾಯಿತು. 1983ರಲ್ಲಿ ಪಾಲ್ ಮಾಕಪೆಟ್ರಿಸ್ ಅನ್ನುವವರು ಈ ಕೆಲಸವನ್ನು ಹಂಚಿಕೊಂಡು ಮಾಡುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಇವತ್ತು ಇದರ ಬುಡದಲ್ಲಿ ‘ಎ’ ಇಂದ ‘ಎಂ’ ವರೆಗೆ 13 ಹೆಸರಿನ ಮೂಲ ಸರ್ವರುಗಳಿವೆ. 12 ಸಂಸ್ಥೆಗಳು ಅವನ್ನು ನಡೆಸುತ್ತವೆ. ಜಗತ್ತಿನ ತುಂಬ ಅವುಗಳ ಸಾವಿರಕ್ಕೂ ಹೆಚ್ಚು ಪ್ರತಿಗಳಿವೆ. ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳಲಿ ಅಂತ ನಲವತ್ತು ವರ್ಷದ ಹಿಂದೆಯೇ ಯೋಚಿಸಿ ಕಟ್ಟಿದ ವ್ಯವಸ್ಥೆ ಇದು. ಅಂಥದ್ದು ನಮ್ಮ ಸೊಸೈಟಿ ಬಾಗಿಲಿಗೆ ಬಂದು ನಿಂತುಹೋಗುತ್ತದೆ ಅಂದರೆ ಕಾರಣ ಅಲ್ಲಿ ಬರೆದಿಟ್ಟಿದ್ದ ಒಂದೇ ಒಂದು ಸುಟ್ಟ ವಿಳಾಸ.

ಐದು ನಿಮಿಷದಲ್ಲಿ ನೋಡುವುದು ಹೇಗೆ?

ಇದನ್ನು ಆಪರೇಟರುಗಳಿಗೂ ಹೇಳುತ್ತಿದ್ದೇನೆ, ಸರದಿಯಲ್ಲಿ ನಿಂತವರಿಗೂ ಹೇಳುತ್ತಿದ್ದೇನೆ. ಮೊದಲ ಎರಡು ಪರೀಕ್ಷೆಗೆ ಆಫೀಸಿನ ಕಂಪ್ಯೂಟರ್ ಮುಟ್ಟುವುದೇ ಬೇಡ.

1. ಅದೇ ಸೈಟನ್ನು ನಿಮ್ಮ ಫೋನಿನಲ್ಲಿ, ವೈಫೈ ಆಫ್ ಮಾಡಿ, ನಿಮ್ಮ ಡೇಟಾದಲ್ಲಿ ತೆಗೆಯಿರಿ. ಬಂದರೆ ಸರ್ವರ್ ಬದುಕಿದೆ. ಬರದಿದ್ದರೆ ನಿಜವಾಗಿಯೂ ಸರ್ವರ್ ಬಿದ್ದಿರಬಹುದು. ಒಂದು ಎಚ್ಚರಿಕೆ: ಕೆಲವು ಸೈಟುಗಳು ಆಫೀಸಿನ ಒಳಜಾಲದಲ್ಲಿ ಮಾತ್ರ ತೆರೆಯುತ್ತವೆ. ಅವು ಫೋನಿನಲ್ಲಿ ಬರಲಿಲ್ಲ ಅಂತ ಏನೂ ತೀರ್ಮಾನಿಸಬೇಡಿ.

2. ಆಫೀಸಿನ ವೈಫೈಯಲ್ಲಿ ಬೇರೆ ಫೋನು ಅಥವಾ ಬೇರೆ ಕಂಪ್ಯೂಟರ್ ನಡೆಯುತ್ತದಾ ಕೇಳಿ. ಪಕ್ಕದ ಟೇಬಲ್ಲಿನದು ನಡೆಯುತ್ತಿದ್ದು ಕೌಂಟರಿನದು ಮಾತ್ರ ನಿಂತಿದ್ದರೆ ತಪ್ಪು ಆ ಒಂದೇ ಕಂಪ್ಯೂಟರಿನದು. ಯಾವುದೂ ನಡೆಯದಿದ್ದರೆ ರೂಟರ್ ಅಥವಾ ಲೈನ್ ನೋಡಬೇಕು.

3. ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆಗೆದು ‘ಪಿಂಗ್’ ಅಂತ ಒತ್ತಿ, ಜಾಗ ಬಿಟ್ಟು 8.8.8.8 ಒತ್ತಲಿ. ಅದಕ್ಕೆ ಉತ್ತರ ಬಂದು, ಸೈಟಿನ ಹೆಸರು ಹಾಕಿದಾಗ ಅಂತಹ ಹೆಸರು ಸಿಗಲಿಲ್ಲ ಅಂದರೆ, ಲೈನ್ ಇದೆ, ದಾರಿ ಹೇಳುವವನು ಇಲ್ಲ. ಹೆಚ್ಚೂ ಕಡಿಮೆ ಖಚಿತವಾಗಿ ಡಿಎನ್‌ಎಸ್ ತೊಂದರೆ.

4. ‘ಐಪಿಕಾನ್ಫಿಗ್’, ಜಾಗ, ಓರೆಗೆರೆ, ‘ಆಲ್’ ಅಂತ ಒತ್ತಿದರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಎರಡು ಸಾಲು ನೋಡಿ: ‘ಡಿಫಾಲ್ಟ್ ಗೇಟ್‌ವೇ’ ಮತ್ತು ‘ಡಿಎನ್‌ಎಸ್ ಸರ್ವರ್ಸ್’. ಸಣ್ಣ ಆಫೀಸಿನಲ್ಲಿ ಸಾಮಾನ್ಯವಾಗಿ ಎರಡೂ ಕಡೆ ರೂಟರಿನ ವಿಳಾಸವೇ ಇರುತ್ತದೆ. ಗೇಟ್‌ವೇ ಒಂದು, ಡಿಎನ್‌ಎಸ್ ಯಾವುದೋ ಗೊತ್ತಿಲ್ಲದ ಇನ್ನೊಂದು ಇದ್ದರೆ, ಅದನ್ನು ಹಾಕಿದ್ದು ಯಾರು, ಯಾಕೆ ಅಂತ ಕೇಳಿ. ಕಂಪ್ಯೂಟರಿನ ಸ್ವಂತ ವಿಳಾಸವೇ 169.254 ಅಂತ ಶುರುವಾದರೆ ಅದಕ್ಕೆ ರೂಟರಿನಿಂದ ಏನೂ ಸಿಕ್ಕಿಲ್ಲ. ಅಲ್ಲಿ ಡಿಎನ್‌ಎಸ್‌ಗೂ ಮುಂಚೆ ಕೇಬಲ್ ನೋಡಿ.

5. ‘ಎನ್‌ಎಸ್‌ಲುಕಪ್’, ಜಾಗ, ಸೈಟಿನ ಹೆಸರು. ಆಮೇಲೆ ಇನ್ನೊಂದು ಸಲ ಅದನ್ನೇ ಒತ್ತಿ ಕೊನೆಗೆ ಜಾಗ ಬಿಟ್ಟು 8.8.8.8 ಸೇರಿಸಿ. ಮೊದಲನೆಯದಕ್ಕೆ ಉತ್ತರ ಇಲ್ಲ, ಎರಡನೆಯದಕ್ಕೆ ಉತ್ತರ ಬಂತು ಅಂದರೆ ಕಳ್ಳ ಸಿಕ್ಕಿಬಿದ್ದ. ಇಲ್ಲಿ ಬರುವ ತಪ್ಪು ಎರಡು ಬಗೆ. ‘ಟೈಮ್ಡ್ ಔಟ್’ ಅಂದರೆ ಕೇಳಿದವನು ಬಾಯಿ ಬಿಡಲೇ ಇಲ್ಲ. ‘ನಾನ್ ಎಕ್ಸಿಸ್ಟೆಂಟ್ ಡೊಮೇನ್’ ಅಂದರೆ ಬಾಯಿ ಬಿಟ್ಟ, ಆದರೆ ಅಂಥ ಹೆಸರಿಲ್ಲ ಅಂದ. ಮೊದಲನೆಯದಕ್ಕೆ ವಿಳಾಸ ಸರಿಪಡಿಸಬೇಕು. ಎರಡನೆಯದಕ್ಕೆ ಹೆಸರಿನ ಕಾಗುಣಿತ ನೋಡಬೇಕು, ಇಲ್ಲವೇ ತಪ್ಪು ಜನರನ್ನು ಕೇಳುತ್ತಿದ್ದೇವಾ ಅಂತ ನೋಡಬೇಕು.

ಸರಿಪಡಿಸಿದ ಮೇಲೂ ಹಳೇ ಉತ್ತರವೇ ಬರುತ್ತಿದ್ದರೆ ‘ಐಪಿಕಾನ್ಫಿಗ್’, ಜಾಗ, ಓರೆಗೆರೆ, ‘ಫ್ಲಶ್‌ಡಿಎನ್‌ಎಸ್’ ಅಂತ ಒತ್ತಲಿ. ಕಂಪ್ಯೂಟರ್ ನೆನಪಿನಲ್ಲಿಟ್ಟುಕೊಂಡ ಹಳೇ ವಿಳಾಸ ಅಳಿಸಿಹೋಗುತ್ತದೆ.

ನಮ್ಮ ಕಡೆ ಹೆಚ್ಚಾಗಿ ಆಗುವ ಇನ್ನೊಂದು ಮೋಸ ಹೇಳಲೇಬೇಕು. ಕರೆಂಟ್ ಹೋಗಿ ಬಂದು, ಕಂಪ್ಯೂಟರಿನೊಳಗಿನ ಗುಂಡು ಬ್ಯಾಟರಿ ಸತ್ತು, ದಿನಾಂಕ ಹತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಸರಕಾರಿ ಸೈಟು, ಬ್ಯಾಂಕಿನ ಸೈಟು ಎಲ್ಲವೂ “ಸುರಕ್ಷಿತವಲ್ಲ” ಅನ್ನುತ್ತವೆ. ಅದಕ್ಕೂ “ಸರ್ವರ್ ಇಲ್ಲ” ಅಂತಲೇ ಹೇಳುತ್ತಾರೆ. ಅದು ಡಿಎನ್‌ಎಸ್ ಅಲ್ಲ, ಸರ್ವರ್ರೂ ಅಲ್ಲ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಸಣ್ಣ ಸೆಲ್ಲು.

8.8.8.8 ಅನ್ನುವ ತಾಯಿತ

ಇಲ್ಲಿಯವರೆಗೆ ಓದಿದ ಕಂಪ್ಯೂಟರ್ ಗೊತ್ತಿರುವ ತಮ್ಮಂದಿರು ಹೇಳುವುದು ನನಗೆ ಗೊತ್ತು. “ಅಕ್ಕಾ, ಇಷ್ಟೆಲ್ಲಾ ಯಾಕೆ? ಎಲ್ಲಾ ಕಡೆ 8.8.8.8 ಹಾಕಿಬಿಟ್ರೆ ಆಯ್ತಲ್ಲ?”

8.8.8.8 ಗೂಗಲ್‌ನವರು 2009ರ ಡಿಸೆಂಬರಿನಲ್ಲಿ ಶುರು ಮಾಡಿದ ಸಾರ್ವಜನಿಕ ಡಿಎನ್‌ಎಸ್. 1.1.1.1 ಕ್ಲೌಡ್‌ಫ್ಲೇರ್‌ನವರು 2018ರ ಏಪ್ರಿಲ್‌ನಲ್ಲಿ ಕೊಟ್ಟಿದ್ದು. ಎರಡೂ ಒಳ್ಳೆಯ ಸೇವೆಗಳೇ. ಪರೀಕ್ಷೆಗೆ ನಾನೂ ಬಳಸುತ್ತೇನೆ. ಆದರೆ ಯಾಕೆ ಅಂತ ತಿಳಿಯದೆ ಕಂಡಕಂಡ ಕಡೆ ಟೈಪ್ ಮಾಡುವುದನ್ನು ನಾನು ವಿರೋಧಿಸುತ್ತೇನೆ. ನಮ್ಮ ಸೊಸೈಟಿಯ ಕಂಪ್ಯೂಟರನ್ನು ಮೂರು ದಿನ ಮಲಗಿಸಿದ್ದು ಇಂಥದೇ ಒಬ್ಬ ತಾಯಿತ ಕಟ್ಟುವವನ ಕೈ. ಅವನು ಕಟ್ಟಿದ್ದು ಬೇರೆ ಅಂಕಿ, ಅಷ್ಟೇ ವ್ಯತ್ಯಾಸ.

ಒಳಜಾಲ ಇರುವ ಆಫೀಸಿನಲ್ಲಿ ಕೆಲವು ಹೆಸರುಗಳು ಆ ಜಾಲದೊಳಗಿನ ಡಿಎನ್‌ಎಸ್‌ಗೆ ಮಾತ್ರ ಗೊತ್ತಿರುತ್ತವೆ. ನಿಮ್ಮ ಅಜ್ಜಿಯನ್ನು ಮನೆಯಲ್ಲಿ ಕರೆಯುವ ಹೆಸರು ತಾಲ್ಲೂಕು ಕಚೇರಿಗೆ ಗೊತ್ತಿರುತ್ತದಾ? ಹಾಗೆಯೇ ಇದು. 8.8.8.8 ಹಾಕಿದ ಕೂಡಲೇ ಯೂಟ್ಯೂಬ್ ಬರುತ್ತದೆ, ಆಫೀಸಿನ ಕೆಲಸದ ಸೈಟ್ ಮಾಯವಾಗುತ್ತದೆ. ಆಮೇಲೆ ಮತ್ತೆ “ಸರ್ವರ್ ಇಲ್ಲ.”

ಇನ್ನೂ ಕೆಟ್ಟದ್ದು ಬೆರಕೆ. ಮೊದಲ ಸಾಲಿನಲ್ಲಿ ಒಳಗಿನ ಡಿಎನ್‌ಎಸ್, ಎರಡನೇ ಸಾಲಿನಲ್ಲಿ 8.8.8.8 ಹಾಕಿ “ಒಂದು ಹೋದ್ರೆ ಇನ್ನೊಂದು ಇರುತ್ತೆ” ಅನ್ನುತ್ತಾರೆ. ಕೇಳಲು ಬುದ್ಧಿವಂತಿಕೆ ಅನ್ನಿಸುತ್ತದೆ. ಆದರೆ ಮೊದಲನೆಯದು ಒಂದು ಕ್ಷಣ ತಡ ಮಾಡಿದರೆ ಕಂಪ್ಯೂಟರ್ ಎರಡನೆಯದನ್ನು ಕೇಳುತ್ತದೆ. ಅದು “ಅಂಥ ಹೆಸರೇ ಇಲ್ಲ” ಅನ್ನುತ್ತದೆ. ಕಂಪ್ಯೂಟರ್ ಅದನ್ನೇ ನಂಬಿ ಕೂರುತ್ತದೆ. ಬೆಳಿಗ್ಗೆ ನಡೆದದ್ದು ಮಧ್ಯಾಹ್ನ ನಿಲ್ಲುತ್ತದೆ, ಸಂಜೆ ಮತ್ತೆ ನಡೆಯುತ್ತದೆ. ಇದಕ್ಕಿಂತ ತಲೆ ತಿನ್ನುವ ರೋಗ ಇನ್ನೊಂದಿಲ್ಲ. ಎರಡು ಸಾಲಿಗೂ ಒಂದೇ ಬಗೆಯ ಉತ್ತರ ಕೊಡುವವರನ್ನೇ ಹಾಕಬೇಕು.

ಇದೇ ಜಾತಿಯ ಇನ್ನೊಂದು ಉಪಕಾರ: ಒಳಗಿನ ಕೋಣೆಗೆ ವೈಫೈ ಸಿಗುವುದಿಲ್ಲ ಅಂತ ಯಾರೋ ಮನೆಯಿಂದ ಹಳೇ ರೂಟರ್ ತಂದು ಕೇಬಲ್ ಚುಚ್ಚುತ್ತಾರೆ. ಅದು ತಾನೇ ಯಜಮಾನ ಅಂತ ಎಲ್ಲರಿಗೂ ವಿಳಾಸ ಹಂಚಲು ಶುರು ಮಾಡುತ್ತದೆ. ಅರ್ಧ ಕಂಪ್ಯೂಟರು ಒಳ್ಳೆಯ ರೂಟರಿನ ಮಾತು ಕೇಳುತ್ತವೆ, ಅರ್ಧ ಈ ಹೊಸ ಯಜಮಾನನ ಮಾತು ಕೇಳುತ್ತವೆ. ಆ ಹಳೇ ರೂಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸ ನಿಲ್ಲಿಸದೆ ಆಫೀಸಿನ ಜಾಲಕ್ಕೆ ಸೇರಿಸಲೇಬಾರದು.

ಸಣ್ಣ ಅಂಕಿ, ದೊಡ್ಡ ಕಳ್ಳತನ

“ಒಂದು ಅಂಕಿ ತಾನೇ, ಇದಕ್ಕೆ ಇಷ್ಟು ಕೂಗಾಟ ಯಾಕೆ?” ಅನ್ನುವವರಿಗೆ ಒಂದು ನಡೆದ ಸಂಗತಿ. ಡಿಎನ್‌ಎಸ್ ಚೇಂಜರ್ ಅನ್ನುವ ಕಳ್ಳ ತಂತ್ರಾಂಶ ಒಂದಿತ್ತು. ಎಸ್ಟೋನಿಯಾ ದೇಶದ ಒಂದು ಗುಂಪು ಅದನ್ನು ನಡೆಸುತ್ತಿತ್ತು. ಅದು ಜಗತ್ತಿನಾದ್ಯಂತ ಸುಮಾರು 40 ಲಕ್ಷ ಕಂಪ್ಯೂಟರುಗಳಿಗೆ ಹೊಕ್ಕು, ಡಿಎನ್‌ಎಸ್ ಜಾಗದಲ್ಲಿ ತನ್ನ ವಿಳಾಸ ಕೂರಿಸಿತ್ತು. ಜನ ಒತ್ತಿದ್ದು ಒಂದು ಸೈಟ್, ಹೋಗುತ್ತಿದ್ದದ್ದು ಕಳ್ಳರು ಹೇಳಿದ ಕಡೆಗೆ. 2011ರ ನವೆಂಬರಿನಲ್ಲಿ ಅವರನ್ನು ಹಿಡಿದರು. ಆದರೆ ಕಳ್ಳರ ಸರ್ವರ್ ಥಟ್ಟನೆ ನಿಲ್ಲಿಸಿದರೆ ಅಷ್ಟೂ ಜನರ ಇಂಟರ್ನೆಟ್ ನಿಲ್ಲುತ್ತಿತ್ತು. ಹಾಗಾಗಿ ಕೋರ್ಟ್ ಆದೇಶದ ಮೇಲೆ 2012ರ ಜುಲೈ 9ರವರೆಗೆ ಬದಲಿ ಸರ್ವರುಗಳನ್ನು ನಡೆಸಬೇಕಾಯಿತು.

ದಾರಿ ಹೇಳುವವನು ಕಳ್ಳನಾದರೆ ಊರೇ ಕಳ್ಳರ ಮನೆಗೆ ಹೋಗುತ್ತದೆ. ನಿಮ್ಮ ಆಧಾರ್, ನಿಮ್ಮ ಪಹಣಿ, ನಿಮ್ಮ ಖಾತೆ ನಂಬರು ಒತ್ತುವ ಕಂಪ್ಯೂಟರಿಗೆ ದಾರಿ ಹೇಳುವವನು ಯಾರು ಅಂತ ಆ ಆಫೀಸಿನಲ್ಲಿ ಒಬ್ಬರಿಗಾದರೂ ಗೊತ್ತಿರಬೇಡವಾ? ರೂಟರಿನ ಪಾಸ್‌ವರ್ಡ್ ಇನ್ನೂ ಬಾಕ್ಸಿನ ಮೇಲೆ ಅಂಟಿಸಿ ಬಂದ ಅದೇ ಪಾಸ್‌ವರ್ಡ್ ಆಗಿದ್ದರೆ, ವೈಫೈ ಸಿಕ್ಕ ಯಾರು ಬೇಕಾದರೂ ಆ ಅಂಕಿ ಬದಲಾಯಿಸಬಹುದು.

ಆಪರೇಟರ್ ಮೇಲೆ ಸಿಟ್ಟಿಲ್ಲ

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕು.

ಒಂದು: “ಸರ್ವರ್ ನಿಜವಾಗಿಯೂ ಡೌನ್ ಆಗುತ್ತದೆ.” ಹೌದು, ಆಗುತ್ತದೆ. ಕೊನೆಯ ದಿನಾಂಕದ ಹತ್ತಿರ ಎಲ್ಲರೂ ಒಟ್ಟಿಗೆ ನುಗ್ಗಿದರೆ ಆಗುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಕಾಲ ಜಗತ್ತಿನಿಂದಲೇ ಮಾಯವಾಗಿದ್ದವು. ಅವರದೇ ಜಾಲದಲ್ಲಿ ಮಾಡಿದ ಒಂದು ಬದಲಾವಣೆಯಿಂದ ಅವರ ಡಿಎನ್‌ಎಸ್ ಸರ್ವರುಗಳಿಗೆ ಹೊರಗಿನಿಂದ ದಾರಿಯೇ ಇಲ್ಲದಂತಾಗಿತ್ತು. ಅಷ್ಟು ದೊಡ್ಡವರಿಗೇ ಆಗುತ್ತದೆ. ಆದರೆ ಅವರು ಏನಾಯಿತು ಅಂತ ಹುಡುಕಿದರು, ಬರೆದು ಜಗತ್ತಿಗೆ ಹೇಳಿದರು. ನಮ್ಮ ಆಫೀಸುಗಳು ಹುಡುಕುವುದೂ ಇಲ್ಲ, ಬರೆಯುವುದೂ ಇಲ್ಲ. ನಿಜವಾದ ಸರ್ವರ್ ಡೌನ್ ಯಾವುದು, ತಮ್ಮ ಸೆಟ್ಟಿಂಗ್ ತಪ್ಪು ಯಾವುದು ಅಂತ ಬೇರೆ ಮಾಡಿ ಹೇಳಲು ಅವರ ಹತ್ತಿರ ಒಂದು ಸಾಲಿನ ದಾಖಲೆಯೂ ಇಲ್ಲ. ಅದಕ್ಕೇ ನಿಜ ಹೇಳಿದಾಗಲೂ ಜನ ನಂಬುವುದಿಲ್ಲ.

ಎರಡು: “ಪಾಪ, ಆಪರೇಟರ್ ಹುಡುಗ ಏನು ಮಾಡ್ತಾನೆ?” ನನ್ನ ಜಗಳ ಅವನ ಜೊತೆ ಅಲ್ಲವೇ ಅಲ್ಲ. ಅವನಿಗೆ ಡಾಟಾ ಎಂಟ್ರಿ ಕಲಿಸಿದ್ದಾರೆ, ನೆಟ್‌ವರ್ಕ್ ಕಲಿಸಿಲ್ಲ. ಗುತ್ತಿಗೆ ಕೆಲಸ, ಕಡಿಮೆ ಸಂಬಳ. ಜನರ ಬೈಗುಳ ಮೊದಲು ಬೀಳುವುದೂ ಅವನ ಮೇಲೆಯೇ. ಜಗಳ ಇರುವುದು ಲಕ್ಷಾಂತರ ರೂಪಾಯಿಯ ಕಂಪ್ಯೂಟರು, ಯುಪಿಎಸ್ಸು, ಸಿಸಿ ಕ್ಯಾಮೆರಾ ತರಿಸಿ, ಅದನ್ನು ನೋಡಿಕೊಳ್ಳಲು ಒಂದು ದಿನದ ತರಬೇತಿಯನ್ನೂ ಕೊಡಿಸದ ಆಡಳಿತ ಮಂಡಳಿಗಳ ಜೊತೆ. ಹಳ್ಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ 2011ರಲ್ಲೇ ಒಪ್ಪಿಗೆ ಕೊಟ್ಟಿತು. ಇವತ್ತು ಅದನ್ನು ಭಾರತ್‌ನೆಟ್ ಅನ್ನುತ್ತೇವೆ. ತಂತಿ ಪಂಚಾಯಿತಿ ಬಾಗಿಲಿಗೆ ಬರುವುದು ಒಂದು ಕೆಲಸ. ತಂತಿಯಿಂದ ಅಜ್ಜಿಯ ಪಿಂಚಣಿ ಕಾಗದದವರೆಗೆ ಇರುವ ಹತ್ತು ಅಡಿ ಇನ್ನೊಂದು ಕೆಲಸ. ಆ ಹತ್ತು ಅಡಿಗೆ ಯಜಮಾನರೇ ಇಲ್ಲ.

ನಾವು ಕೇಳಬೇಕಾದದ್ದು

ಕೋಟಿ ಕೇಳುವುದು ಬೇಡ. ಪ್ರತಿ ಸಣ್ಣ ಆಫೀಸಿನಲ್ಲೂ ಇಷ್ಟು ಇರಲಿ ಅಂತ ಕೇಳೋಣ.

ಗೋಡೆಗೆ ಒಂದು ಹಾಳೆ. ರೂಟರಿನ ವಿಳಾಸ ಏನು, ಡಿಎನ್‌ಎಸ್ ತಾನಾಗಿ ಬರುವುದೋ ಕೈಯಲ್ಲಿ ಬರೆದದ್ದೋ, ಬರೆದಿದ್ದರೆ ಯಾವ ಅಂಕಿ, ಯಾಕೆ, ನೆಟ್ ಕಂಪನಿಯ ದೂರು ನಂಬರು ಯಾವುದು. ಪಾಸ್‌ವರ್ಡ್ ಮಾತ್ರ ಗೋಡೆ ಮೇಲೆ ಬೇಡ. ಅದು ಲಕೋಟೆಯಲ್ಲಿ ಬೀರುವಿನಲ್ಲಿರಲಿ.

ಒಂದು ನೋಟ್ ಬುಕ್. ಯಾವ ದಿನ, ಎಷ್ಟು ಗಂಟೆಗೆ ನಿಂತಿತು, ಪರದೆ ಮೇಲೆ ಏನು ಬರೆದಿತ್ತು, ಫೋನಿನಲ್ಲಿ ತೆರೆಯಿತಾ, ಯಾರು ಬಂದು ಏನು ಬದಲಾಯಿಸಿದರು. ರಿಪೇರಿಗೆ ಬಂದವರು ಬರೆದು ಸಹಿ ಹಾಕದೆ ಹೋಗಬಾರದು. ಹಾಲಿನ ಡೇರಿಯಲ್ಲಿ ಅರ್ಧ ಲೀಟರಿಗೂ ಲೆಕ್ಕ ಬರೆಯುವ ಊರು ನಮ್ಮದು. ಇದಕ್ಕೆ ಬರೆಯಲು ಆಗುವುದಿಲ್ಲವಾ?

ವಾಪಸ್ ಕಳಿಸುವ ಮೊದಲು ಮೂರು ಪರೀಕ್ಷೆ. ಫೋನಿನಲ್ಲಿ ನೋಡು, ಪಕ್ಕದ ಕಂಪ್ಯೂಟರಿನಲ್ಲಿ ನೋಡು, ಪಿಂಗ್ ಮಾಡಿ ನೋಡು. ಆಮೇಲೆ “ನಾಳೆ ಬನ್ನಿ” ಅನ್ನು.

ವಾಪಸ್ ಕಳಿಸಿದವರಿಗೆ ಒಂದು ಚೀಟಿ. ಇಂಥ ದಿನ ಇಷ್ಟು ಗಂಟೆಗೆ ಬಂದಿದ್ದರು, ಈ ಕಾರಣಕ್ಕೆ ಆಗಲಿಲ್ಲ ಅಂತ ಸೀಲು ಹೊಡೆದು ಕೊಡಲಿ. ನಾಳೆ ಸರದಿಯಲ್ಲಿ ಅವರು ಮೊದಲಿರಲಿ. ಕೊನೆಯ ದಿನಾಂಕ ತಪ್ಪಿದರೆ ಕೈಯಲ್ಲಿ ಒಂದು ಸಾಕ್ಷಿ ಇರಲಿ.

ಸೊಸೈಟಿ ಆದರೆ ನೀವು ಷೇರುದಾರರು. ಪ್ರತಿ ವರ್ಷ ನಡೆಯುವ ಮಹಾಸಭೆಯಲ್ಲಿ ಊಟದ ಕೂಪನ್ ತೆಗೆದುಕೊಂಡು ಸಹಿ ಹಾಕಿ ಬರಬೇಡಿ. ಎದ್ದು ನಿಂತು “ಈ ವರ್ಷ ಕಂಪ್ಯೂಟರ್ ಎಷ್ಟು ದಿನ ನಿಂತಿತ್ತು, ಯಾಕೆ?” ಅಂತ ಕೇಳಿ, ನಡಾವಳಿಯಲ್ಲಿ ಬರೆಸಿ. ಪಂಚಾಯಿತಿ ಆದರೆ ಗ್ರಾಮಸಭೆಯಲ್ಲಿ ಕೇಳಿ. ಬಾಯಿ ಮಾತಿಗೆ ಬಗ್ಗದಿದ್ದರೆ ಮಾಹಿತಿ ಹಕ್ಕು ಇದೆ. ಒಂದೇ ವಿಷಯ, 150 ಪದದ ಒಳಗೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕಳೆದ ಆರು ತಿಂಗಳಲ್ಲಿ ಸೇವೆ ನಿಂತ ದಿನಗಳು ಮತ್ತು ಕಾರಣದ ದಾಖಲೆ ಕೊಡಿ ಅಂತ ಬರೆಯಿರಿ. “ದಾಖಲೆ ಇಲ್ಲ” ಅನ್ನುವ ಉತ್ತರ ಬಂದರೆ ಅದೇ ನಿಮ್ಮ ಮುಂದಿನ ಪ್ರಶ್ನೆ.

ಸಕಾಲದ ಅಡಿ ಬರುವ ಸೇವೆ ಆದರೆ ಅರ್ಜಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯದೆ ಕೌಂಟರ್ ಬಿಡಬೇಡಿ. ಆ ಕಾಯ್ದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಹಣ ಸಣ್ಣದು. ಆದರೆ ಅರ್ಜಿಯೇ ಹಿಡಿಯದೆ “ಸರ್ವರ್ ಇಲ್ಲ” ಅಂತ ಕಳಿಸಿದರೆ ದಿನದ ಎಣಿಕೆ ಶುರುವಾಗುವುದೇ ಇಲ್ಲ. ಈ ಆಟ ಅರ್ಥ ಮಾಡಿಕೊಳ್ಳಿ.

ನಿಮ್ಮ ಫೋನಿಗೂ ಒಂದು ಮಾತು

ಹಗಲೆಲ್ಲಾ ಆಫೀಸಿಗೆ ಬೈದು ನಮ್ಮ ಜೇಬು ನೋಡಿಕೊಳ್ಳದಿದ್ದರೆ ಹೇಗೆ? ಜಾಹೀರಾತು ಬರಬಾರದು ಅಂತ ಯಾರದೋ ವಿಡಿಯೋ ನೋಡಿ ಆಂಡ್ರಾಯ್ಡ್ ಫೋನಿನ ‘ಪ್ರೈವೇಟ್ ಡಿಎನ್‌ಎಸ್’ ಜಾಗದಲ್ಲಿ ಏನೋ ಹೆಸರು ಹಾಕಿರುತ್ತೀರಿ. ಆ ಸೇವೆ ನಿಂತ ದಿನ ಸಿಗ್ನಲ್ ಇದ್ದರೂ ನೆಟ್ ಇಲ್ಲ. ಸಿಮ್ ಕಂಪನಿಗೆ ಬೈಯುವ ಮುಂಚೆ ಸೆಟ್ಟಿಂಗ್ಸ್ ತೆಗೆದು ಪ್ರೈವೇಟ್ ಡಿಎನ್‌ಎಸ್ ‘ಆಟೋಮ್ಯಾಟಿಕ್’ ಇದೆಯಾ ನೋಡಿ. ಗೊತ್ತಿಲ್ಲದ ವಿಳಾಸವನ್ನು ಅಲ್ಲಿ ಯಾರು ಹೇಳಿದರೂ ಹಾಕಬೇಡಿ.

ಆ ಸೊಸೈಟಿಗೆ ಕಳೆದ ತಿಂಗಳು ಮತ್ತೆ ಹೋಗಿದ್ದೆ. ಗೋಡೆ ಮೇಲೆ ಹಾಳೆ ಇನ್ನೂ ಬಂದಿಲ್ಲ. ಆದರೆ ಆಪರೇಟರ್ ಹುಡುಗ ತನ್ನ ಟೇಬಲ್ಲಿನ ಗಾಜಿನ ಕೆಳಗೆ ಒಂದು ಚೀಟಿ ಇಟ್ಟಿದ್ದಾನೆ. ಎರಡು ಅಂಕಿ, ಒಂದು ದಿನಾಂಕ. “ಯಾರಾದ್ರೂ ಬಂದು ಬದಲಾಯಿಸಿದ್ರೆ ಬರ್ಕೊಂಡು ಇಡ್ತೀನಿ ಅಕ್ಕಾ” ಅಂದ. ಡೈರೆಕ್ಟರುಗಳು ಮಾಡದೇ ಇದ್ದದ್ದನ್ನು ಅವನು ಮಾಡಿದ್ದಾನೆ.

ವಿಮೆ ತಪ್ಪಿದ ಆ ಇಬ್ಬರು ಇವತ್ತಿಗೂ “ಆ ವರ್ಷ ಸರ್ವರ್ ಕೈ ಕೊಡ್ತು” ಅಂತಲೇ ಅನ್ನುತ್ತಾರೆ. ಇಲ್ಲ, ಸರ್ವರ್ ಕೈ ಕೊಡಲಿಲ್ಲ ಅಂತ ಅವರಿಗೆ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ನಾಳೆ ನಿಮಗೆ ಯಾರಾದರೂ “ಸರ್ವರ್ ಇಲ್ಲ” ಅಂದರೆ ಸುಮ್ಮನೆ ಬಸ್ ಹತ್ತಬೇಡಿ. ಫೋನ್ ತೆಗೆಯಿರಿ, ಸೈಟ್ ಒತ್ತಿ ನೋಡಿ, ತೆರೆದರೆ ಕೌಂಟರಿನ ಮುಂದೆ ಹಿಡಿದು ಮರ್ಯಾದೆಯಿಂದಲೇ ಕೇಳಿ: “ಯಾವ ಸರ್ವರ್ ಸ್ವಾಮಿ?”